ವೈನಿ ಕೇಳಿದ ಪೇಪರು

"ಮಾಸ್ತರ, ಪೇಪರ್ ಬರದ್ರ ಡಾಕ್ಟರ್ ಸೀಟ್ ಸಿಗತೈತೇನ್ರಿ?"

ಹಿತ್ತಲ ಬೇಲಿಯ ಆಚೆ ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದ ವೈನಿ ಕೇಳಿದ್ದು ಇದನ್ನು. ಅವರ ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಮಗ ಅಲ್ಲೇ ಡಿಗ್ರಿ ಓದುತ್ತಿದ್ದಾನೆ. ಹುಡುಗ ಪ್ರೊಫೆಸರರ ಕೈಕೆಳಗೆ ಹೃದಯದ ಬೇನೆಯ ಮೇಲೆ ಏನೋ ಸಂಶೋಧನೆ ಮಾಡಿದ್ದಾನಂತೆ, ಜರ್ನಲ್ಲಿನಲ್ಲಿ ಅವನ ಹೆಸರು ಅಚ್ಚಾಗಿದೆಯಂತೆ, ಇನ್ನೇನು ಮೆಡಿಕಲ್ ಸೀಟು ಸಿಕ್ಕ ಹಾಗೇ ಅಂತ ಹಿಂದಿನ ರಾತ್ರಿ ಫೋನಿನಲ್ಲಿ ಸುದ್ದಿ ಬಂದಿತ್ತು. ಇತ್ತ ವೈನಿಯ ಮೊಮ್ಮಗಳು ವಿಜಯಪುರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಅವಳಿಗೂ ಡಾಕ್ಟರ್ ಆಗಬೇಕು. ಹಾಗಾಗಿ ಅಜ್ಜಿ ಕೇಳಿದ್ದರಲ್ಲಿ ಹುರುಳಿತ್ತು.

"ನಮ್ಮಲ್ಲಿ ಸಿಗಂಗಿಲ್ರಿ ವೈನಿ. ಒಂದ್ ಅಂಕಾನೂ ಸಿಗಂಗಿಲ್ಲ" ಅಂದೆ.

"ಒಂದೂ ಇಲ್ಲ?"

"ಒಂದೂ ಇಲ್ಲ. ನೀಟ್ ಪರೀಕ್ಷಾ ಒಂದಾ. 180 ಪ್ರಶ್ನೆ, 180 ನಿಮಿಷ, 720 ಅಂಕ. ಮುಗೀತು."

2025ರಲ್ಲಿ ಆ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು ಮಕ್ಕಳು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇರುವುದು ಒಂದು ಲಕ್ಷದ ಮೇಲೆ ಚಿಲ್ಲರೆ. ಅದರಲ್ಲೂ ಬಡವರ ಕೈಗೆ ಎಟುಕುವ ಸರ್ಕಾರಿ ಸೀಟು ಅರ್ಧದಷ್ಟು. ಮಗು ಏನು ಓದಿದೆ, ಏನು ಮಾಡಿದೆ, ಊರಿನಲ್ಲಿ ಏನು ಕಂಡು ಏನು ಕೇಳಿದೆ ಎಂಬ ಯಾವುದನ್ನೂ ಆ ಲೆಕ್ಕ ಹಿಡಿಯುವುದಿಲ್ಲ. ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್‌ಗೆ ಹೋಗಬೇಕೆಂದರೂ ಇದೇ ಕಥೆ. ನೀಟ್-ಪಿಜಿಯಲ್ಲಿ 200 ಪ್ರಶ್ನೆ, 800 ಅಂಕ. ಎಂಬಿಬಿಎಸ್ ಓದುವಾಗ ನೀನು ಹತ್ತು ಪ್ರಬಂಧ ಬರೆದಿರು, ಒಂದನ್ನೂ ಬರೆಯದಿರು, ರ‍್ಯಾಂಕು ಅಲ್ಲಾಡುವುದಿಲ್ಲ.

"ಹಂಗಾರ ಆ ಹುಡಗ ಬರದಿದ್ದಕ್ಕ ಅಲ್ಲಿ ಯಾಕ ಬೆಲಿ ಐತಿ?"

ಅಲ್ಲಿನ ದಾರಿಯೇ ಬೇರೆ ಎಂದು ಹೇಳಿದೆ. ನಮ್ಮ ಮಕ್ಕಳು ಪಿಯುಸಿ ಮುಗಿಸಿ ನೇರ ಮೆಡಿಕಲ್ಲಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ಕಾಲೇಜುಗಳಿಗೆ ಅರ್ಜಿ. ಆ ಅರ್ಜಿಯಲ್ಲಿ ತಾನು ಮಾಡಿದ ಕೆಲಸಗಳನ್ನು ಬರೆಯಲು 15 ಜಾಗ ಕೊಟ್ಟಿರುತ್ತಾರೆ. ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಪಾಠ ಹೇಳಿದ್ದು, ಸಂಶೋಧನೆ ಎಲ್ಲ ಅಲ್ಲಿ ಬರುತ್ತವೆ. ಪ್ರಬಂಧ ಅಚ್ಚಾಗಿರಲೇಬೇಕು ಎಂಬ ಕಟ್ಟಳೆಯೇನೂ ಇಲ್ಲ. ಆದರೆ ಪ್ರತಿವರ್ಷ 50 ಸಾವಿರಕ್ಕೂ ಹೆಚ್ಚು ಮಕ್ಕಳು ಸುಮಾರು 23 ಸಾವಿರ ಸೀಟಿಗೆ ನಿಂತಾಗ, ಎಲ್ಲರ ಅಂಕವೂ ಹತ್ತಿರ ಹತ್ತಿರ ಇದ್ದಾಗ, ಅಚ್ಚಾದ ಹೆಸರು ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ ಕೂರಿಸಿ, ಇದರಲ್ಲಿ ನಿನ್ನ ಕೈ ಎಷ್ಟು, ಪ್ರಶ್ನೆ ಯಾರದ್ದು, ಲೆಕ್ಕ ಹಾಕಿದವರು ಯಾರು ಎಂದು ಕೇಳುತ್ತಾರೆ. ಕೆಲಸ ಮಾಡಿದ ಮಗು ಉತ್ತರ ಕೊಡುತ್ತದೆ. ಹೆಸರು ಮಾತ್ರ ಹಾಕಿಸಿಕೊಂಡ ಮಗು ಅಲ್ಲಿ ತಡವರಿಸುತ್ತದೆ.

ವೈನಿ ಮೊರ ಕೆಳಗಿಟ್ಟರು. "ಇದು ಚಲೋ ಆತಲ್ರಿ. ಕೂಸು ಏನ್ ಮಾಡೇತಿ ಅಂತ ಕೇಳತಾರ. ನಮ್ಮವರು ಯಾಕ ಕೇಳಂಗಿಲ್ಲ? ನಮ್ಮ ಹುಡಗಿ ಆ ಹಲ್ಲಿನ ಪುಸ್ತಕ ಬರದಿದ್ಲಲ್ರಿ, ನೀವಾ ಬರಸಿದ್ರಿ. ಅದಕ್ಕ ಏನೂ ಇಲ್ಲೇನು?"

ಹುಡುಗಿ ಹೈಸ್ಕೂಲಿನಲ್ಲಿದ್ದಾಗ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ಒಂದು ಯೋಜನೆ ಮಾಡಿದ್ದಳು. 1993ರಿಂದ ದೇಶದಲ್ಲಿ ನಡೆದು ಬಂದಿರುವ ಈ ಸಮಾವೇಶವನ್ನು ನಮ್ಮ ರಾಜ್ಯದಲ್ಲಿ ಊರೂರಿಗೆ ತಲುಪಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವಯಸ್ಸಿನ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ಅಳೆದು, ಬರೆದು, ತಮ್ಮ ಭಾಷೆಯಲ್ಲೇ ಹೇಳಬೇಕು. ನನಗೆ ತಿಳಿದಂತೆ ಹಳ್ಳಿಯ ಮಗುವಿಗೆ ಸಂಶೋಧನೆಯ ರುಚಿ ಹತ್ತಿಸಿದ ಇಂಥ ಇನ್ನೊಂದು ಏರ್ಪಾಡು ಇಲ್ಲ. ಸುತ್ತಿನ ಹಳ್ಳಿಗಳಿಂದ ಶಾಲೆಗೆ ಬರುವ ಕೆಲವು ಗೆಳತಿಯರ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳನ್ನು ಅವಳು ಕಂಡಿದ್ದಳು. ಎಷ್ಟು ತಿಕ್ಕಿದರೂ ಹೋಗದ ಕಲೆ. ಯಾರು ಯಾವ ಬೋರಿನ ನೀರು ಕುಡಿದು ಬೆಳೆದವರು, ಯಾರ ಮನೆಯಲ್ಲಿ ಸೇದುವ ಬಾವಿ, ಯಾರ ಮನೆಗೆ ಹೊಳೆ ನೀರಿನ ನಳ ಎಂದು ಮನೆಮನೆ ತಿರುಗಿ ಪಟ್ಟಿ ಮಾಡಿದಳು. ನಮ್ಮ ವಿಜಯಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಾಗಗಳಿವೆ ಎಂಬುದು ಸರ್ಕಾರಕ್ಕೂ ಗೊತ್ತಿರುವ ಮಾತು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಎಳೆಯ ವಯಸ್ಸಿನಲ್ಲಿ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ ಅದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲ್ಪದರ ಕೆಡುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಇಳಿಯುತ್ತದೆ.

ಅವಳ ಪಟ್ಟಿಯನ್ನು ನೋಡಿದಾಗ ನನಗೆ ಫ್ರೆಡರಿಕ್ ಮ್ಯಾಕೆ ಎಂಬ ಹಲ್ಲಿನ ಡಾಕ್ಟರ ನೆನಪಾಗಿತ್ತು. 1901ರಲ್ಲಿ, ಆಗತಾನೇ ಕಾಲೇಜು ಮುಗಿಸಿ, ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ದವಾಖಾನೆ ಇಡಲು ಬಂದವನು ಅಲ್ಲಿನ ಮಕ್ಕಳ ಹಲ್ಲಿನ ಮೇಲೆ ಇದೇ ಕಂದು ಕಲೆ ಕಂಡ. ಇದೇಕೆ ಎಂದು ಕೇಳಿದ. ಉತ್ತರ ಸಿಕ್ಕಿದ್ದು 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ತಜ್ಞ ಬಾಧಿತ ಊರಿನ ನೀರನ್ನು ಪರೀಕ್ಷಿಸಿ ಫ್ಲೋರೈಡ್ ಹಿಡಿದಾಗ. 30 ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದ ಮನುಷ್ಯ. ನಮ್ಮ ಹುಡುಗಿ ಆ ಹೆಸರು ಕೇಳುವ ಮೊದಲೇ, ತನ್ನಷ್ಟಕ್ಕೆ, ಅದೇ ಕಲೆಯ ಮುಂದೆ ನಿಂತಿದ್ದಳು. ನನಗೆ ಅವಳ ಮೇಲೆ ಅಭಿಮಾನ ಹುಟ್ಟಿದ್ದು ಅದಕ್ಕೆ. ಈಗಲೂ ಇದೆ.

ಪಿಯುಸಿಗೆ ಹೋದ ಮೇಲೆ ಆ ಪುಸ್ತಕವನ್ನು ಅವಳು ತೆಗೆದಿಲ್ಲ. ಮುಂಜಾನೆ ಕಾಲೇಜು, ಸಂಜೆ ಕೋಚಿಂಗ್, ಭಾನುವಾರ ಟೆಸ್ಟ್. ಇವಳು ವಿಜಯಪುರದಲ್ಲೇ ಉಳಿದಳು. ನಮ್ಮ ಕಡೆಯ ಎಷ್ಟೋ ಮಕ್ಕಳು ಬೀದರಿಗೋ ಲಾತೂರಿಗೋ ಧಾರವಾಡಕ್ಕೋ ಹೋಗುತ್ತಾರೆ. ಅಪ್ಪ ತೊಗರಿ ಮಾರಿದ ದುಡ್ಡು ಹಾಗೇ ಕೋಚಿಂಗ್ ಫೀಗೆ ಹೋಗುತ್ತದೆ. ಆ ಎರಡು ವರ್ಷ ಮಗು ಪ್ರಶ್ನೆಗೆ ಉತ್ತರ ಗುರುತಿಸುವುದನ್ನು ಕಲಿಯುತ್ತದೆ. ತಾನೇ ಪ್ರಶ್ನೆ ಹುಟ್ಟಿಸುವುದನ್ನು ಮರೆಯುತ್ತದೆ. ನನಗೆ ಸಂಕಟವಾಗುವುದು ಇಲ್ಲಿ.

"ಅದಕ್ಕಾ ಹೇಳತೀನಿ, ಆ ಹಲ್ಲಿನ ಪುಸ್ತಕಕ್ಕ 20 ಮಾರ್ಕ್ಸ್ ಕೊಡ್ಲಿ" ಅಂದರು ವೈನಿ.

ಇಲ್ಲಿ ನನಗೂ ವೈನಿಗೂ ಮಾತು ಕೂಡಲಿಲ್ಲ. ಕೊಡಬಾರದು ಎನ್ನುವುದು ನನ್ನ ನಿಲುವು. ಅದನ್ನು ಬೇಲಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ವಾದಿಸಿದೆ.

ಸೀಟಿಗೆ ಪ್ರಬಂಧದ ಅಂಕ ಸೇರಿಸಿದ ದಿನವೇ ಅದು ನಮ್ಮ ಹುಡುಗಿಯ ಕೈ ತಪ್ಪುತ್ತದೆ. ನಮ್ಮೂರು ಹೂವಿನ ಹಿಪ್ಪರಗಿಯಲ್ಲಿ ಲ್ಯಾಬ್ ಎಲ್ಲಿದೆ? ಜರ್ನಲ್ಲಿಗೆ ಇಂಗ್ಲಿಷಿನಲ್ಲಿ ಬರೆದು ಕೊಡುವವರು ಯಾರು? ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಡಾಕ್ಟರಾಗಿರುವ ಮಗುವಿಗೆ ಅಪ್ಪನ ಆಸ್ಪತ್ರೆಯ ಕಡತಗಳೇ ಸಂಶೋಧನೆಯ ಸಾಮಗ್ರಿ, ಅಪ್ಪನ ಗೆಳೆಯನೇ ಮಾರ್ಗದರ್ಶಕ. ಅದಕ್ಕಿಂತ ಕೆಟ್ಟದ್ದು, ದುಡ್ಡು ಕೊಟ್ಟರೆ ಹೆಸರು ಅಚ್ಚು ಮಾಡಿಕೊಡುವ ಜರ್ನಲ್ಲುಗಳು ಈಗಾಗಲೇ ಇವೆ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳ ತಂದೆತಾಯಿಗಳಿಂದ ಸಾವಿರಾರು ಡಾಲರ್ ಪಡೆದು ಮಕ್ಕಳನ್ನು ಸಂಶೋಧನ ಲೇಖಕರನ್ನಾಗಿ ಮಾಡುವ ಕಂಪನಿಗಳ ಬಗ್ಗೆ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2023ರಲ್ಲಿ ವಿವರವಾಗಿ ಬರೆಯಿತು. ನಮ್ಮಲ್ಲಿ ಅಂಕ ಇಟ್ಟರೆ ಕೋಚಿಂಗ್ ಸೆಂಟರಿನ ಪಕ್ಕದ ಮಳಿಗೆಯಲ್ಲೇ ಅಂಥ ಅಂಗಡಿ ತೆರೆಯುತ್ತದೆ. ನೀಟಿಗೆ ಎಷ್ಟು ದೋಷವಿದ್ದರೂ, 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿ ಮಕ್ಕಳು ಕಣ್ಣೀರಿಟ್ಟಿದ್ದರೂ, ಅದೇ ವರ್ಷದ ಜುಲೈನಲ್ಲಿ ನಮ್ಮ ವಿಧಾನಮಂಡಲ ಅದು ಬೇಡವೆಂದು ನಿರ್ಣಯ ಮಾಡಿದ್ದರೂ, ಒಂದು ಮಾತು ಉಳಿಯುತ್ತದೆ. ಆ ಪರೀಕ್ಷೆಯ ಹಾಲಿನಲ್ಲಿ ವೈನಿಯ ಮೊಮ್ಮಗಳ ಮುಂದೆ ಇಡುವ ಪ್ರಶ್ನೆಪತ್ರಿಕೆಯನ್ನೇ ದೊಡ್ಡವರ ಮಗಳ ಮುಂದೆಯೂ ಇಡುತ್ತಾರೆ. 2017ರಿಂದ ಬೇಕಾದರೆ ಕನ್ನಡದಲ್ಲೂ ಬರೆಯಬಹುದು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಇಷ್ಟು ಆಸರೆಯನ್ನು ಕಳೆದುಕೊಳ್ಳಲು ನಾನು ಒಪ್ಪುವುದಿಲ್ಲ.

"ಅಷ್ಟಾದ್ರೂ ಎಲ್ಲಿ ಸಾಲತೈತ್ರಿ? ಹೊಳಿ ಆಚೆ ಕಲಬುರಗಿಯವರಿಗೆ 371ಜೆ ಐತಿ, ನಮಗ ಅದೂ ಇಲ್ಲ" ಎಂದರು ವೈನಿ. ಸುಳ್ಳಲ್ಲ. ಭೀಮೆಯ ಆ ದಂಡೆಯಲ್ಲಿ ಸಂವಿಧಾನದ ಆ ವಿಧಿಯಿಂದ ಮೀಸಲು, ಈ ದಂಡೆಯಲ್ಲಿ ಇಲ್ಲ. ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಜಿಲ್ಲೆಯಲ್ಲಿ ಎರಡು ಮೆಡಿಕಲ್ ಕಾಲೇಜು, 1984ರ ಅಲ್-ಅಮೀನ್ ಮತ್ತು 1986ರ ಬಿ.ಎಂ. ಪಾಟೀಲ ಕಾಲೇಜು, ಎರಡೂ ಖಾಸಗಿ. ಎರಡನೆಯದು ಈಗ ಡೀಮ್ಡ್ ವಿಶ್ವವಿದ್ಯಾಲಯದ್ದು, ಅದರ ಸೀಟು ದೆಹಲಿಯ ಕೌನ್ಸೆಲಿಂಗಿನಲ್ಲಿ ಹಂಚಿಕೆಯಾಗುತ್ತದೆ, ರಾಜ್ಯದ ಗ್ರಾಮೀಣ ಮೀಸಲು ಅಲ್ಲಿಗೆ ತಾಗುವುದಿಲ್ಲ. ಸರ್ಕಾರಿ ಕಾಲೇಜು ಬೇಕೆಂದು 2025ರಲ್ಲಿ ವಿಜಯಪುರದಲ್ಲಿ ಜನ ಧರಣಿ ಕೂತದ್ದು ಸುಮ್ಮನೆ ಅಲ್ಲ.

ಪ್ರಬಂಧದ ಎಣಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಅಮೆರಿಕವೇ ಸಾಕ್ಷಿ. ಅಲ್ಲಿ ಮೆಡಿಕಲ್ ಓದು ಮುಗಿಸಿದ ಮೇಲೆ ರೆಸಿಡೆನ್ಸಿ ಎಂಬ ತರಬೇತಿಗೆ ಮತ್ತೆ ಪೈಪೋಟಿ. ಹಿಂದೆ ಸ್ಟೆಪ್ 1 ಎಂಬ ಪರೀಕ್ಷೆಯ ಅಂಕ ನೋಡಿ ಆರಿಸುತ್ತಿದ್ದರು. 2022ರ ಜನವರಿಯಿಂದ ಅದರಲ್ಲಿ ಅಂಕ ತೆಗೆದು ಪಾಸು ಅಥವಾ ಫೇಲು ಎಂದಷ್ಟೇ ಕೊಡತೊಡಗಿದರು. ಮಕ್ಕಳ ಮೇಲಿನ ಒತ್ತಡ ಇಳಿಯಲೆಂದು ಮಾಡಿದ ಒಳ್ಳೆಯ ಕೆಲಸ. ಆದರೆ ಅಂಕ ಹೋದ ಮೇಲೆ ಕಣ್ಣು ಪ್ರಬಂಧಗಳ ಎಣಿಕೆಯ ಮೇಲೆ ಇನ್ನಷ್ಟು ಬಿತ್ತು. ಆ ಬದಲಾವಣೆಯ ಪರಿಣಾಮ ಮುಟ್ಟುವ ಮೊದಲೇ, ಮಿದುಳಿನ ಶಸ್ತ್ರಚಿಕಿತ್ಸೆಯ ತರಬೇತಿಗೆ ಆಯ್ಕೆಯಾದ ಅಲ್ಲಿನ ವಿದ್ಯಾರ್ಥಿಗಳು 2022ರಲ್ಲಿ ತೋರಿಸಿದ ಪ್ರಬಂಧ, ಸಾರಲೇಖ, ಸಮ್ಮೇಳನದ ಮಂಡನೆ ಎಲ್ಲ ಕೂಡಿ ತಲಾ ಸರಾಸರಿ 25ಕ್ಕೂ ಹೆಚ್ಚು. ಇನ್ನೂ ಡಾಕ್ಟರೇ ಆಗದ ಹುಡುಗ 25 ಸಂಶೋಧನೆ ಮಾಡಿದ್ದಾನೆ ಎಂದರೆ, ಒಂದೊಂದರ ಮೇಲೆ ಅವನು ಎಷ್ಟು ದಿನ ಯೋಚಿಸಿದ್ದಾನು?

ವೈನಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಂತ್ಯಾಗ ಎತ್ತಿನ ಹಲ್ಲು ಎಣಿಸಿದ್ರ ವಯಸ್ಸು ತಿಳೀತೈತಿ. ಗಳೇ ಹೆಂಗ ಜಗ್ಗತೈತಿ ಅಂತ ತಿಳಿಯಂಗಿಲ್ಲ" ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಹಾಗೆಂದು ನಮ್ಮಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಅಲ್ಲಿ ಎಣಿಸಿ ಎಣಿಸಿ ಕೆಡಿಸಿಕೊಂಡರೆ ನಾವು ಪೂರಾ ಬಿಟ್ಟು ಕೆಡಿಸಿಕೊಂಡಿದ್ದೇವೆ. ದೆಹಲಿಯ ಡಾಕ್ಟರ್ ಸಮೀರನ್ ನಂದಿ ಮತ್ತು ಜೊತೆಗಾರರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳಿಂದ ಬಂದ ಪ್ರಬಂಧಗಳನ್ನು ಹುಡುಕಿದಾಗ 332 ಸಂಸ್ಥೆಗಳಿಂದ ಒಂದೂ ಸಿಗಲಿಲ್ಲ. ಹತ್ತು ವರ್ಷದಲ್ಲಿ ಒಂದೂ ಇಲ್ಲ. ಅದೇ ಹೊತ್ತಿಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರಬಂಧ ಕೊಟ್ಟವು ಬರೀ 25 ಸಂಸ್ಥೆಗಳು. ನಮ್ಮ ಜನರಿಗೆ ಬರುವ ರೋಗ, ನಮ್ಮ ನೀರು, ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವವರ ಉಸಿರು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ತಾಂಡಾದ ಹೆಣ್ಣುಮಕ್ಕಳ ಬೆನ್ನುನೋವು, ಹಾವು ಕಡಿದವರು ದವಾಖಾನೆಗೆ ಮುಟ್ಟಲು ಹಿಡಿಯುವ ಹೊತ್ತು, ಇವುಗಳ ಬಗ್ಗೆ ಬೋಸ್ಟನ್ನಿನವರು ಬಂದು ಕೇಳುವುದಿಲ್ಲ. ಇಲ್ಲಿಯವರೇ ಕೇಳಬೇಕು. ಕೇಳುವ ಮಗುವಿನ ಬಾಯಿಯನ್ನು ಪಿಯುಸಿಯಲ್ಲೇ ಮುಚ್ಚಿ, ಆಮೇಲೆ ಪ್ರೊಫೆಸರಿಕೆಯ ಬಡ್ತಿಗೆ ಪ್ರಬಂಧ ಬೇಕು ಎಂದು 40ನೇ ವಯಸ್ಸಿನಲ್ಲಿ ಕೇಳಿದರೆ ಅವರು ಎಲ್ಲಿಂದ ತಂದಾರು?

ವಿದ್ಯಾರ್ಥಿಯ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ವೈನಿಗೆ ಸಕ್ಕರೆ ಕಾಯಿಲೆಯ ಕಥೆ ಹೇಳಿದೆ. ಅವರಿಗೂ ಅದು ಇದೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. 1869ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ 21ರ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಸುತ್ತಲಿನವಕ್ಕಿಂತ ಬೇರೆಯಾಗಿ ಗುಂಪುಗೂಡಿದ ಕೋಶಗಳನ್ನು ಕಂಡ. ಅವುಗಳ ಕೆಲಸವೇನೆಂದು ತನಗೆ ಗೊತ್ತಿಲ್ಲ ಎಂದೇ ತನ್ನ ಪ್ರಬಂಧದಲ್ಲಿ ಬರೆದ.  1921ರಲ್ಲಿ ಟೊರಾಂಟೊದಲ್ಲಿ ಆ ಗುಂಪುಗಳಿಂದ ಸ್ರವಿಸುವ ಇನ್ಸುಲಿನ್ನನ್ನು ಡಾಕ್ಟರ್ ಬ್ಯಾಂಟಿಂಗ್ ಬೇರ್ಪಡಿಸಿದಾಗ ಅವರ ಪಕ್ಕದಲ್ಲಿ ನಿಂತು ರಕ್ತದ ಸಕ್ಕರೆ ಅಳೆದವನು ಚಾರ್ಲ್ಸ್ ಬೆಸ್ಟ್, 22 ವರ್ಷದವನು, ಆಗತಾನೇ ಡಿಗ್ರಿ ಮುಗಿಸಿದ್ದ. ಅವನು ಡಾಕ್ಟರ್ ಆದದ್ದು 1925ರಲ್ಲಿ, ಆ ಕೆಲಸವೆಲ್ಲ ಆದ ಮೇಲೆ. 1923ರ ನೊಬೆಲ್ ಅವನಿಗೆ ಬರಲಿಲ್ಲ. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧ ಅವನಿಗೆ ಕೊಟ್ಟರು.

"ಆ ಹುಡುಗೂರು ಇರದಿದ್ರ ನಾ ಇಲ್ಲಿ ಕುಂದರತಿದ್ದಿಲ್ಲ ಅನ್ರಿ" ಎಂದರು ವೈನಿ. ಹೌದೆಂದೆ.

ದೂರದವರ ಮಾತು ಸಾಕು, ಹುಡುಕಾಟಕ್ಕೇ ಬದುಕು ಕೊಟ್ಟ ವಿಜಯಪುರದವರನ್ನೇ ನೋಡಬಹುದು. ಫ.ಗು. ಹಳಕಟ್ಟಿಯವರು ವಕೀಲರು. ಮನೆಮನೆ, ಮಠಮಠ ತಿರುಗಿ ವಚನದ ತಾಡೋಲೆ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ತಂದರು. ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಪಕ್ಕದಲ್ಲೇ ಇರುವ ನಮಗೆ ಬಸವಣ್ಣನ ಮಾತು ಪುಸ್ತಕವಾಗಿ ಕೈಗೆ ಸಿಕ್ಕಿದ್ದು ಅವರ ದುಡಿಮೆಯಿಂದ. 1910ರಲ್ಲಿ ಹುಟ್ಟಿದ ಬಿಎಲ್‌ಡಿಇ ಸಂಸ್ಥೆಯನ್ನು ಕಟ್ಟಿದವರೂ ಅವರೇ. ನಾನು ಮೇಲೆ ಹೇಳಿದ ಎರಡನೇ ಮೆಡಿಕಲ್ ಕಾಲೇಜು ಅದೇ ಸಂಸ್ಥೆಯದು. ಅಲ್ಲಿ ಓದುವ ಮಕ್ಕಳು ಆ ಮನುಷ್ಯನ ಶ್ರಮವನ್ನು ತಿಳಿದು ಓದಲಿ ಎಂದು ನನಗೆ ಬಹಳ ಆಸೆ.

"ಆತು, ಸೀಟಿಗೆ ಬ್ಯಾಡ. ಮತ್ತ ಯಾವಾಗ ಮಾಡಬೇಕ್ರಿ ಅಕಿ?"

ಸೀಟು ಸಿಕ್ಕ ಮೇಲೆ. ಅದಕ್ಕೆ ದಾರಿ ಇದೆ, ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್, ಬಿಡಿಎಸ್ ಓದುವ ಮಕ್ಕಳಿಗಾಗಿ ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಮಗು ತನ್ನ ಪ್ರಶ್ನೆಯನ್ನು ತಾನೇ ಬರೆದು, ಕಾಲೇಜಿನ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರಾಗಿ ಒಪ್ಪಿಸಿ, ಅರ್ಜಿ ಹಾಕಬೇಕು. ಆರಿಸಿದರೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಎರಡು ತಿಂಗಳು ಕೆಲಸ, ಆಮೇಲೆ ವರದಿ. ವರದಿ ಒಪ್ಪಿಗೆಯಾದರೆ 50 ಸಾವಿರ ರೂಪಾಯಿ. ರ‍್ಯಾಂಕಿಗೆ ಅದರಿಂದ ಏನೂ ಕೂಡುವುದಿಲ್ಲ, ಅದಕ್ಕೇ ಅಲ್ಲಿಗೆ ಮನಸ್ಸಿದ್ದವರು ಬರುತ್ತಾರೆ. ಇನ್ನೊಂದು, 2021-22ರ ಬ್ಯಾಚಿನಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಓದುವ ಕಾಲದಲ್ಲಿ ಅವರ ಆರೋಗ್ಯ ನೋಡಬೇಕೆಂಬ ನಿಯಮ ಬಂದಿದೆ. ಬಿಪಿ ನೋಡಿ ಸಹಿ ಹಾಕಿಸಿಕೊಂಡು ಬಂದರೆ ಅದು ಅಲ್ಲಿಗೆ ಮುಗಿಯಿತು. ಅದೇ ಮನೆಯ ಕೊಡದ ನೀರು, ಮಕ್ಕಳ ಹಲ್ಲು, ಅಜ್ಜನ ಮೊಣಕಾಲು ಮೂರನ್ನೂ ಕೂಡಿಸಿ ನೋಡುವ ವಿದ್ಯಾರ್ಥಿ ಬಂದರೆ, ಆ ಹಳ್ಳಿಗೆ ಅವಳಿಂದ ಎಷ್ಟು ಉಪಕಾರ!

"ಸೀಟ್ ಸಿಗದಿದ್ರ?"

ವೈನಿ ಇದನ್ನು ಸಣ್ಣ ದನಿಯಲ್ಲಿ ಕೇಳಿದರು. 22 ಲಕ್ಷದಲ್ಲಿ 21 ಲಕ್ಷಕ್ಕೆ ಸಿಗುವುದಿಲ್ಲ, ನಮ್ಮ ಹುಡುಗಿಗೆ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಗೆ ಹೇಳಲಿ? ಸಿಗದಿದ್ದರೆ ಬಿಎಸ್ಸಿ ಇದೆ, ನರ್ಸಿಂಗ್ ಇದೆ, ಐಸರ್ ಎಂಬ ವಿಜ್ಞಾನ ಸಂಸ್ಥೆಗಳಿಗೆ ಬೇರೆ ಪ್ರವೇಶ ಪರೀಕ್ಷೆ ಇದೆ, ಅಲ್ಲಿ ಮೊದಲಿನಿಂದಲೂ ಸಂಶೋಧನೆಯೇ ಓದು. ನೀರಿನ ರಸಾಯನ ಓದಿದವಳು ಈ ಜಿಲ್ಲೆಗೆ ಡಾಕ್ಟರಷ್ಟೇ ಬೇಕಾದವಳು. ಇಷ್ಟು ಹೇಳಿ, ಈಗ ಅವಳಿಗೆ ಇದ್ಯಾವುದನ್ನೂ ಹೇಳಬೇಡಿ, ಪರೀಕ್ಷೆ ಮುಗಿಯಲಿ ಎಂದೆ.

"ನೀರಿನ ಕೆಲಸ ಅಲ್ಲೀತನ ತಡೀಬೇಕೇನ್ರಿ?" ಎಂದು ಕೇಳಿದರು ವೈನಿ.

ತಡೆಯಬೇಕಾಗಿಲ್ಲ. ಜಲಜೀವನ್ ಮಿಷನ್ನಿನಲ್ಲಿ ನೀರು ಪರೀಕ್ಷೆಯ ಕಿಟ್ ಬಳಸಲು ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡಿದೆ, ಅದರಲ್ಲಿ ಫ್ಲೋರೈಡೂ ತಿಳಿಯುತ್ತದೆ. ಹುಡುಗಿಯ ಪಟ್ಟಿಯಲ್ಲಿ ಯಾವ ಬೋರು, ಯಾವ ಬಾವಿ ಎಂದು ಎಲ್ಲ ಬರೆದಿದೆ. ಆ ನೀರನ್ನೇ ಶೀಶೆಯಲ್ಲಿ ತಂದು ಮೊದಲು ಪಂಚಾಯಿತಿಯ ಕಿಟ್ಟಿನಲ್ಲಿ ನೋಡುವುದು, ಹೆಚ್ಚಿದೆ ಅನ್ನಿಸಿದ್ದನ್ನು ವಿಜಯಪುರದ ಲ್ಯಾಬಿಗೆ ಕಳಿಸುವುದು ಎಂದು ಮಾತಾಡಿಕೊಂಡೆವು. ಕಿಟ್ಟು ಯಾರ ಹತ್ತಿರ ಇದೆ ಎಂದು ಸ್ವಸಹಾಯ ಸಂಘದವರನ್ನು ಕೇಳುವ ಕೆಲಸ ವೈನಿ ವಹಿಸಿಕೊಂಡರು. ಪಟ್ಟಿಯ ನಕಲು ಮಾಡುವ ಕೆಲಸ ನನ್ನದು.